ಮುಖವೂ ಕಾಣಬೇಕು, ಗೋಡೆಯೂ ಕಾಣಬೇಕು



ಒಂದು ಮಳೆಗಾಲದಲ್ಲಿ ಸಂಡೂರು ತಾಲ್ಲೂಕಿನ ವಡ್ಡು ಗ್ರಾಮದಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬರ ಮನೆಯ ಹಿಂದಿನ ಗೋಡೆ ಕುಸಿಯಿತು. ನಾವು ಹೋಗಿ ಐದಾರು ಫೋಟೋ ಹೊಡೆದುಕೊಂಡು ಬಂದೆವು. ನಾಲ್ಕು ದಿನ ಬಿಟ್ಟು ಅರ್ಜಿಗೆ ಲಗತ್ತಿಸಲು ಕಂಪ್ಯೂಟರಿನಲ್ಲಿ ತೆಗೆದು ನೋಡಿದರೆ, ಬಿದ್ದ ಗೋಡೆಯ ಜಾಗ ಪೂರ್ತಿ ಬಿಳಿ, ಮುಂದೆ ನಿಂತ ಅಕ್ಕನ ಮುಖ ಇದ್ದಿಲಿನಂತೆ ಕಪ್ಪು. ಮತ್ತೆ ಹೋಗಿ ಹೊಡೆಯೋಣವೆಂದರೆ ಅಷ್ಟರಲ್ಲಿ ಮನೆಯವರು ಮಣ್ಣು ತೆಗೆದು, ಮಕ್ಕಳಿಗೆ ಚಳಿ ಆಗುತ್ತದೆಂದು ತಗಡು ಕಟ್ಟಿದ್ದರು. "ಅವತ್ತೇ ಫೋಟೋ ತಗೊಂಡ್ ಹೋದ್ರಲ್ರೀ, ಅದ್ರಾಗ ಏನೂ ಕಾಣಂಗಿಲ್ಲೇನ್ರಿ?" ಎಂದು ಆ ಅಕ್ಕ ಕೇಳಿದರು. ನಮ್ಮ ಬಳಿ ಉತ್ತರ ಇರಲಿಲ್ಲ. ಕೊನೆಗೆ ಅಕ್ಕಪಕ್ಕದವರ ಹೇಳಿಕೆ ಬರೆಸಿ ಅರ್ಜಿ ಕೊಟ್ಟೆವು. ಒಂದು ಸರಿಯಾದ ಫೋಟೋ ಮಾಡಬೇಕಾದ ಕೆಲಸಕ್ಕೆ ಎರಡು ವಾರ ಓಡಾಡಿದೆವು.

ತಪ್ಪು ಕ್ಯಾಮೆರಾದ್ದಲ್ಲ, ನಮ್ಮದು. ಆದ್ದರಿಂದ ನಾವು ಕಲಿತ ನಾಲ್ಕು ಮಾತನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಮೊಬೈಲಿನಲ್ಲಿ ಫೋಟೋ ತೆಗೆಯುವವರಿಗೂ ಇವೇ ನಿಯಮ.

ಕ್ಯಾಮೆರಾ ಹೇಗೆ ನೋಡುತ್ತದೆ?

ನಮ್ಮ ಕಣ್ಣು ಬಿಸಿಲನ್ನೂ ನೆರಳನ್ನೂ ಒಟ್ಟಿಗೆ ನೋಡಬಲ್ಲದು. ಕ್ಯಾಮೆರಾಕ್ಕೆ ಅಷ್ಟು ಶಕ್ತಿ ಇಲ್ಲ. ಮುಂದೆ ಕಾಣುವುದನ್ನೆಲ್ಲ ಸೇರಿಸಿ ಸರಾಸರಿ ಬೂದು ಬಣ್ಣ ಮಾಡಲು ಅದು ಪ್ರಯತ್ನಿಸುತ್ತದೆ. ಸುಣ್ಣ ಬಳಿದ ಗೋಡೆ, ಫಾದರ್ ಅವರ ಬಿಳಿ ನಿಲುವಂಗಿ, ಸಿಸ್ಟರ್‌ಗಳ ಬಿಳಿ ಸೀರೆ ಚಿತ್ರದ ತುಂಬ ಇದ್ದರೆ "ಬೆಳಕು ಹೆಚ್ಚಾಯಿತು" ಎಂದು ತಿಳಿದು ಕಡಿಮೆ ಮಾಡುತ್ತದೆ. ಆಗ ಬಿಳಿ ಬಟ್ಟೆ ಮಾಸಿದಂತೆ, ಮುಖ ಕಪ್ಪಾಗಿ ಬರುತ್ತದೆ. ಕರಿ ಕಂಬಳಿ, ಎಮ್ಮೆ, ಅದಿರಿನ ರಾಶಿ ತುಂಬಿದ್ದರೆ ಇದಕ್ಕೆ ತಿರುಗಾ ಮುರುಗಾ ಆಗುತ್ತದೆ.

ಹೆಚ್ಚಿನ ಕ್ಯಾಮೆರಾಗಳಲ್ಲಿ ಪ್ಲಸ್, ಮೈನಸ್ ಗುರುತಿನ ಒಂದು ಬಟನ್ ಇರುತ್ತದೆ. ಬಿಳಿ ಹೆಚ್ಚಿದ್ದರೆ ಪ್ಲಸ್ ಕಡೆಗೆ ಮುಕ್ಕಾಲು ಅಥವಾ ಒಂದು, ಕಪ್ಪು ಹೆಚ್ಚಿದ್ದರೆ ಮೈನಸ್ ಕಡೆಗೆ ಅಷ್ಟೇ ಸರಿಸಿ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳಿಟ್ಟು ಒತ್ತಿದರೆ ಅದು ಮುಖಕ್ಕೆ ಬೆಳಕು ಹೊಂದಿಸಿಕೊಳ್ಳುತ್ತದೆ. ಆದರೆ ಅತಿಯಾಗಬಾರದು. ಪೂರ್ತಿ ಬಿಳಿಯಾಗಿ ಸುಟ್ಟುಹೋದ ಭಾಗವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಲು ಬರುವುದಿಲ್ಲ.

ಮೂರು ಹಿಡಿಗಳು

ಬೆಳಕು ಎಷ್ಟು ಬರಬೇಕೆಂಬುದು ಮೂರರ ಮೇಲೆ ನಿಂತಿದೆ. ಅಪರ್ಚರ್ ಎಂದರೆ ಲೆನ್ಸಿನ ಕಿಂಡಿ. ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು, ಇದನ್ನು ಮರೆಯಬೇಡಿ. ಶಟರ್ ಎಂದರೆ ಕಿಂಡಿ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು. ಐಎಸ್ಒ ಎಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿಕೊಳ್ಳುತ್ತದೆ ಎಂಬುದು. ನಮ್ಮ ಕಡೆಯ ಬಿರುಬಿಸಿಲಿನಲ್ಲಿ ಐಎಸ್ಒ 100, ಅಪರ್ಚರ್ 8 ಇಟ್ಟರೆ ಶಟರ್ ಸೆಕೆಂಡಿನ 400ನೇ ಒಂದು ಭಾಗ ಸಾಕು. ಮನೆಯೊಳಗೆ ಇದೇ ಲೆಕ್ಕ ಇಟ್ಟರೆ ಕತ್ತಲೆ. ಅಲ್ಲಿ ಐಎಸ್ಒ 400 ಅಥವಾ 800 ಮಾಡಿ. ಫೋಟೋ ಸ್ವಲ್ಪ ಕಾಳು ಕಾಳಾಗಬಹುದು, ಆದರೆ ಅಲುಗಾಡಿ ಮಸುಕಾದ ಫೋಟೋಗಿಂತ ಅದು ಎಷ್ಟೋ ವಾಸಿ. ಶಟರ್ 30ನೇ ಒಂದು ಭಾಗಕ್ಕಿಂತ ನಿಧಾನವಾದರೆ ಬಾಗಿಲ ಚೌಕಟ್ಟಿಗೆ ಮೊಣಕೈ ಆನಿಸಿ, ಉಸಿರು ಬಿಗಿಹಿಡಿದು ಒತ್ತಿ.

ಫ್ಲಾಶ್ ಎಲ್ಲಿ ಬೇಕು, ಎಲ್ಲಿ ಬೇಡ?

ಕತ್ತಲಾದರೆ ಮಾತ್ರ ಫ್ಲಾಶ್ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಮಟಮಟ ಮಧ್ಯಾಹ್ನವೇ ಅದರ ಉಪಯೋಗ ಹೆಚ್ಚು. ತಲೆ ಮೇಲೆ ಸೂರ್ಯ ಇದ್ದಾಗ ಕಣ್ಣಿನ ಕೆಳಗೆ, ಸೆರಗಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಆಗ ಎರಡು ಮೀಟರ್ ದೂರದಲ್ಲಿ ನಿಂತು ಫ್ಲಾಶ್ ಬಲವಂತವಾಗಿ ಆನ್ ಮಾಡಿ ಹೊಡೆದರೆ ಮುಖ ಕಾಣುತ್ತದೆ. ಬಾಗಿಲಿಗೆ ಬೆನ್ನು ಹಾಕಿ ನಿಂತವರಿಗೂ ಇದೇ ಉಪಾಯ. ಅದಕ್ಕಿಂತ ಸುಲಭ, ಅವರನ್ನು ಬಾಗಿಲ ಕಡೆಗೆ ಮುಖ ಮಾಡಿಸುವುದು. ವಡ್ಡುವಿನ ಆ ಮನೆಯಲ್ಲಿ ನಾವು ಹೊರಗೆ ಹೋಗಿ, ಬೆಳಕನ್ನು ಬೆನ್ನಿಗಿಟ್ಟುಕೊಂಡು ಗೋಡೆಯ ಫೋಟೋ ತೆಗೆದಿದ್ದರೆ ಸಾಕಿತ್ತು.

ಚಿಕ್ಕ ಕ್ಯಾಮೆರಾದ ಫ್ಲಾಶ್ ಮೂರು ನಾಲ್ಕು ಮೀಟರ್ ತಲುಪಿದರೆ ಹೆಚ್ಚು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಸಮುದಾಯ ಭವನದ ಹಿಂದಿನ ಸಾಲಿನಲ್ಲಿ ನಿಂತು ವೇದಿಕೆಗೆ ಫ್ಲಾಶ್ ಹೊಡೆದರೆ ಮುಂದಿನವರ ತಲೆಗಳು ಬೆಳಗುತ್ತವೆ, ವೇದಿಕೆ ಕತ್ತಲೆಯೇ. ಎದ್ದು ಮುಂದೆ ಹೋಗಿ, ಯಾರೂ ಬೈಯುವುದಿಲ್ಲ. ಮೊಬೈಲಿನ ದೀಪ ಇದಕ್ಕಿಂತಲೂ ಕಡಿಮೆ ದೂರ ಹೋಗುತ್ತದೆ.

ಧೂಳು ಎದ್ದಿರುವಾಗ ಫ್ಲಾಶ್ ಬೇಡ. ತೋರಣಗಲ್ಲು, ಸಂಡೂರು ರಸ್ತೆಯಲ್ಲಿ ಲಾರಿ ಹೋದ ಮೇಲೆ ಗಾಳಿಯಲ್ಲಿರುವ ಕೆಂಪು ಧೂಳಿನ ಒಂದೊಂದು ಕಣವೂ ಫ್ಲಾಶಿಗೆ ಹೊಳೆದು ಚಿತ್ರದ ತುಂಬ ಬಿಳಿ ಚುಕ್ಕೆ ಆಗುತ್ತದೆ. ಲಂಬಾಣಿ ಅಕ್ಕಂದಿರ ಕಸೂತಿಯ ಫೋಟೋಗೂ ಫ್ಲಾಶ್ ಬೇಡ. ಅದರ ಕನ್ನಡಿ ಚೂರುಗಳು ಬೆಳಕನ್ನು ನೇರ ವಾಪಸ್ ಕಳಿಸಿ, ದಾರದ ಬಣ್ಣ, ಹೊಲಿಗೆ ಎರಡೂ ಮುಚ್ಚಿಹೋಗುತ್ತವೆ. ಬೆಳಿಗ್ಗೆ ಹತ್ತರೊಳಗೆ ಜಗಲಿಯ ನೆರಳಿನಲ್ಲಿ ಹಾಸಿ ತೆಗೆದರೆ ಕೊಳ್ಳುವವರಿಗೆ ನಿಜವಾದ ಬಣ್ಣ ಕಾಣುತ್ತದೆ.

ಸಾಕ್ಷಿಯ ಫೋಟೋ

ಹಾನಿಯ ಅರ್ಜಿಗೆ ಕನಿಷ್ಠ ಮೂರು ಫೋಟೋ ತೆಗೆಯಿರಿ. ದೂರದಿಂದ ಒಂದು, ಮನೆ ಯಾವುದೆಂದು ಗೊತ್ತಾಗಬೇಕು. ಮಧ್ಯದಿಂದ ಒಂದು, ಮನೆಯವರೂ ಹಾನಿಯೂ ಒಟ್ಟಿಗೆ ಕಾಣಬೇಕು. ಹತ್ತಿರದಿಂದ ಒಂದು, ಬಿರುಕಿನ ಪಕ್ಕ ಒಂದು ಅಳತೆ ಪಟ್ಟಿ ಇಡಿ. ಕ್ಯಾಮೆರಾದ ತಾರೀಕು ಸರಿಯಿದೆಯೇ ಎಂದು ಹೊರಡುವ ಮೊದಲೇ ನೋಡಿ. ಬ್ಯಾಟರಿ ಪೂರ್ತಿ ಇಳಿದಾಗ ಕೆಲವು ಕ್ಯಾಮೆರಾಗಳಲ್ಲಿ ತಾರೀಕು ಹಿಂದಕ್ಕೆ ಹೋಗಿರುತ್ತದೆ. ಮುಖ್ಯವಾಗಿ, ಸ್ಥಳ ಬಿಡುವ ಮೊದಲು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ನಾವು ಮಾಡದೆ ಹೋದದ್ದು ಇದೊಂದೇ.

ಚೆಕ್‌ಡ್ಯಾಮ್, ಶೌಚಾಲಯ, ಶಾಲೆ ಕೋಣೆಯ ಕೆಲಸಕ್ಕೆ ಮೊದಲು ನಿಂತ ಜಾಗದಲ್ಲೇ ಕೆಲಸ ಮುಗಿದ ಮೇಲೂ ನಿಂತು ತೆಗೆಯಿರಿ. ಇದರ ಬೆಲೆ ತಿಳಿಯಲು ನಮ್ಮ ಹಂಪಿಯನ್ನೇ ನೋಡಬಹುದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರ ತೆಗೆದರು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಏನು ಉಳಿದಿದೆ, ಏನು ಬಿದ್ದಿದೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ಸಾಮಾನು ಜೋಪಾನ

ದುಬಾರಿ ಕ್ಯಾಮೆರಾ ಬೇಕಿಲ್ಲ. ಫ್ಲಾಶನ್ನು ಬೇಕಾದಾಗ ಆನ್, ಬೇಡವಾದಾಗ ಆಫ್ ಮಾಡಲು ಬರಬೇಕು, ಪ್ಲಸ್ ಮೈನಸ್ ಇರಬೇಕು, ಅಷ್ಟೇ. ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಆದರೆ ಸಾದಾ ಸೆಲ್ ಫ್ಲಾಶಿಗೆ ತಡೆಯುವುದಿಲ್ಲ, ಚಾರ್ಜ್ ಮಾಡುವ ಸೆಲ್‌ಗಳನ್ನು ಎರಡು ಜೊತೆ ಇಡಿ. ಧೂಳಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಸಾಕು. ಲೆನ್ಸಿನ ಮೇಲೆ ಅದಿರಿನ ಧೂಳು ಕೂತಿದ್ದರೆ ಸೆರಗಿನಿಂದ ಒರೆಸಬೇಡಿ, ಗೀರು ಬೀಳುತ್ತದೆ. ಮೊದಲು ರಬ್ಬರ್ ಊದುಗದಿಂದ ಊದಿ, ಆಮೇಲೆ ಮೆತ್ತನೆ ಬಟ್ಟೆ. ಬೇಸಿಗೆಯಲ್ಲಿ ಜೀಪಿನೊಳಗೆ ಬಿಟ್ಟು ಹೋಗಬೇಡಿ. ಫೋಟೋಗಳನ್ನು ಎರಡು ಕಡೆ ನಕಲು ಮಾಡಿದ ಮೇಲೆಯೇ ಕಾರ್ಡ್ ಅಳಿಸಿ.

ಕೇಳಿ ತೆಗೆಯಿರಿ

ಬಡವರ ಕಷ್ಟ ನಮ್ಮ ವರದಿಗೆ ಅಲಂಕಾರವಲ್ಲ. "ಅಕ್ಕಾ, ಫೋಟೋ ತೆಗೀಲೇನ್ರಿ? ಇದು ಇಂಥ ಕೆಲಸಕ್ಕೆ" ಎಂದು ಕೇಳಿ. ಬೇಡ ಎಂದರೆ ಬೇಡ. ದೌರ್ಜನ್ಯಕ್ಕೆ ಒಳಗಾದ, ರಕ್ಷಣೆಯಲ್ಲಿರುವ ಮಕ್ಕಳ ಗುರುತು ಹೊರಬೀಳುವಂತೆ ಪ್ರಕಟಿಸುವುದನ್ನು 2012ರ ಪೋಕ್ಸೋ ಮತ್ತು 2015ರ ಬಾಲನ್ಯಾಯ ಕಾಯ್ದೆಗಳು ತಡೆಯುತ್ತವೆ. ಎಚ್‌ಐವಿ ಇರುವವರ ವಿಷಯ ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡಬಾರದೆಂದು 2017ರ ಕಾಯ್ದೆ ಹೇಳುತ್ತದೆ. ಅಂಥಲ್ಲಿ ಕೈ, ಕೆಲಸ, ಮನೆ ತೋರಿಸಿದರೆ ಸಾಕು.

ಮನುಷ್ಯನನ್ನು ದೇವರು ತನ್ನ ರೂಪದಲ್ಲೇ ಸೃಷ್ಟಿಸಿದನೆಂದು ನಾವು ನಂಬುತ್ತೇವೆ. ಆ ರೂಪವನ್ನು ಕಪ್ಪು ಮಸಿಯಾಗಿಸದೆ, ನಾಚಿಕೆಪಡುವಂತೆಯೂ ಮಾಡದೆ ತೋರಿಸುವುದು ನಮ್ಮ ಸೇವೆಯದೇ ಒಂದು ಭಾಗ. ಮುಂದಿನ ಮಾಸಿಕ ಸಭೆಗೆ ಬರುವಾಗ ನಿಮ್ಮ ಕ್ಯಾಮೆರಾ, ಮೊಬೈಲ್ ತನ್ನಿ. ಬಾಗಿಲ ಹತ್ತಿರ ಒಬ್ಬರನ್ನು ನಿಲ್ಲಿಸಿ ಎಲ್ಲರೂ ಕೂಡಿ ಅಭ್ಯಾಸ ಮಾಡೋಣ.