ಒಂದು ಜಿಪಿಎಸ್, ಹತ್ತು ಗಿರಾಕಿಗಳು

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಾರುವ ಸಂಕೇತವನ್ನು ಎಷ್ಟು ಕೋಟಿ ರಿಸೀವರ್‌ಗಳು ಕೇಳಿಸಿಕೊಂಡರೂ ಅದು ಸವೆಯುವುದಿಲ್ಲ. ಜಗಳ ಹುಟ್ಟುವುದು ಕೊನೆಯ ಒಂದು ಮೊಳ ತಂತಿಯಲ್ಲಿ. ಲ್ಯಾಪ್‌ಟಾಪಿಗೆ ಯುಎಸ್‌ಬಿ ರಿಸೀವರ್ ಸಿಕ್ಕಿಸಿ, ನಕ್ಷೆಯ ತಂತ್ರಾಂಶವನ್ನೂ ದಾರಿ ದಾಖಲಿಸುವ ಇನ್ನೊಂದನ್ನೂ ಒಟ್ಟಿಗೆ ತೆರೆದು ನೋಡಿ. ವಿಂಡೋಸ್‌ನಲ್ಲಿ ಸೀರಿಯಲ್ ಪೋರ್ಟನ್ನು ಮೊದಲು ಹಿಡಿದ ತಂತ್ರಾಂಶಕ್ಕೇ ಅದು ಮೀಸಲು, ಎರಡನೆಯದಕ್ಕೆ ಬಾಗಿಲು ಬಂದ್. ಲಿನಕ್ಸ್‌ನಲ್ಲಿ ಎರಡೂ ಒಳಹೋಗಬಹುದು, ಆದರೆ ಫಲಿತಾಂಶ ಇನ್ನೂ ಕೆಟ್ಟದ್ದು. ರಿಸೀವರ್ ಪ್ರತಿ ಸೆಕೆಂಡಿಗೂ ಸಮಯ, ಅಕ್ಷಾಂಶ, ರೇಖಾಂಶ, ವೇಗಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಒಂದು ಸಾಲಾಗಿ ಕಳಿಸುತ್ತದೆ; ಸಾಲಿನ ಕೊನೆಯಲ್ಲಿ ನಕ್ಷತ್ರ ಚಿಹ್ನೆಯ ಪಕ್ಕ ತಾಳೆ ನೋಡಲು ಎರಡು ಅಕ್ಷರ ಇರುತ್ತವೆ. ಪೋರ್ಟಿನಿಂದ ಒಬ್ಬರು ಓದಿದ ಅಕ್ಷರ ಇನ್ನೊಬ್ಬರಿಗೆ ಉಳಿಯುವುದಿಲ್ಲ. ಹಾಗಾಗಿ ಅಕ್ಷಾಂಶ ಒಬ್ಬರ ಪಾಲಾದರೆ ರೇಖಾಂಶ ಇನ್ನೊಬ್ಬರ ಪಾಲು. ತಾಳೆ ಬೀಳದ ಸಾಲನ್ನು ಇಬ್ಬರೂ ಎಸೆಯುತ್ತಾರೆ. ಇಷ್ಟು ಸಾಲದೆಂಬಂತೆ ಒಂದು ತಂತ್ರಾಂಶ ರಿಸೀವರಿನ ವೇಗವನ್ನೋ ಭಾಷೆಯನ್ನೋ ಬದಲಿಸಿಬಿಟ್ಟರೆ ಮತ್ತೊಂದಕ್ಕೆ ಏನೂ ಅರ್ಥವಾಗದು.

ಆದ್ದರಿಂದ ನನ್ನ ವಾದ ಇಷ್ಟೇ: ರಿಸೀವರ್ ಯಾವ ಅಪ್ಲಿಕೇಶನ್ನಿನ ಸ್ವತ್ತೂ ಆಗಬಾರದು. ಅದನ್ನು ನೋಡಿಕೊಳ್ಳಲೆಂದೇ ಒಂದು ತಂತ್ರಾಂಶ ನಡುವೆ ಇರಬೇಕು, ಉಳಿದವು ಅದನ್ನು ಕೇಳಿ ಪಡೆಯಬೇಕು. ಲಿನಕ್ಸ್ ಲೋಕದ 'ಜಿಪಿಎಸ್‌ಡಿ' ಮಾಡುವುದು ಇದನ್ನೇ. ರಿಸೀವರಿನೊಂದಿಗೆ ಮಾತಾಡುವುದು ಅದೊಂದೇ. ತಿಳಿದದ್ದನ್ನು 2947ನೇ ನೆಟ್‌ವರ್ಕ್ ಪೋರ್ಟಿನಲ್ಲಿ, ರಿಸೀವರ್ ಯಾವ ಕಂಪನಿಯದಾದರೂ ಒಂದೇ ರೂಪದಲ್ಲಿ, ಕೇಳಿದವರಿಗೆಲ್ಲ ಹಂಚುತ್ತದೆ. ಅದೇ ರಿಸೀವರಿನಿಂದ ಕಂಪ್ಯೂಟರಿನ ಗಡಿಯಾರಕ್ಕೂ ನಿಖರ ಸಮಯ ಒದಗಿಸುತ್ತದೆ. ಕೇಳುವವರು ಯಾರೂ ಇಲ್ಲದಾಗ ರಿಸೀವರನ್ನು ಸುಮ್ಮನೆ ಬಿಡುವುದು ಅದರ ಸಾಮಾನ್ಯ ಕ್ರಮ. ಬ್ಯಾಟರಿಯಲ್ಲಿ ನಡೆಯುವ ಸಾಧನಗಳಿಗೆ ಇದು ಸಣ್ಣ ಉಪಕಾರವಲ್ಲ.

ರಿಸೀವರ್‌ಗಳೇನು ದುಬಾರಿಯೇ, ಇನ್ನೊಂದು ಕೊಂಡರಾಯಿತು ಎನ್ನುವವರಿದ್ದಾರೆ. ಆದರೆ ಒಂದೇ ಮೇಜಿನ ಮೇಲಿಟ್ಟ ಎರಡು ರಿಸೀವರ್‌ಗಳು ಕೂಡ ಕೆಲವು ಮೀಟರ್ ಬೇರೆ ಜಾಗ ತೋರಿಸಬಹುದು. ಆಗ ಸರ್ವೆಯ ಫೋಟೊ ಒಂದು ಕಡೆ, ನಕ್ಷೆಯ ಗುರುತು ಇನ್ನೊಂದು ಕಡೆ. ನಡುವೆ ಯಾರೋ ಬಂದರೆ ತಡವಾಗುವುದಿಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಲೆಕ್ಕ ಹಾಕೋಣ. ಹಳೆಯ 4800 ಬಾಡ್ ತಂತಿಯಲ್ಲಿ ಸೆಕೆಂಡಿಗೆ ಸಾಗುವುದು 480 ಅಕ್ಷರ. 70 ಅಕ್ಷರಗಳ ಒಂದು ಸಾಲಿಗೆ ಸುಮಾರು 0.15 ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. ಒಂದೇ ಕಂಪ್ಯೂಟರಿನೊಳಗೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಲು ದಾಟಿಸುವ ಹೊತ್ತು ಇದರ ಮುಂದೆ ಲೆಕ್ಕಕ್ಕೇ ಬಾರದು.

ಎಲ್ಲರೂ ಒಬ್ಬನನ್ನೇ ನೆಚ್ಚಿಕೊಂಡರೆ ಅವನು ತಪ್ಪಿದಾಗ ಎಲ್ಲರೂ ತಪ್ಪುತ್ತಾರೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಹಾಗೆ ಆಗುವ ಸಂದರ್ಭವೂ ಬಂದಿತ್ತು. ಜಿಪಿಎಸ್‌ನ ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 1024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಈಗಿನದು ಎಷ್ಟನೇ ಸುತ್ತು ಎಂಬುದನ್ನು ತಂತ್ರಾಂಶವೇ ಊಹಿಸಬೇಕು. ಜಿಪಿಎಸ್‌ಡಿಯ 3.20ರಿಂದ 3.22ರವರೆಗಿನ ಆವೃತ್ತಿಗಳಲ್ಲಿ ಈ ಲೆಕ್ಕ ತಪ್ಪಿತ್ತು. 2021ರ ಅಕ್ಟೋಬರ್ 24ರಂದು ಅವು ದಿನಾಂಕವನ್ನು 2002ರ ಮಾರ್ಚ್‌ಗೆ ಕೊಂಡೊಯ್ಯುವಂತಿದ್ದವು. ಆದರೆ ತಂತ್ರಾಂಶದ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದ್ದರಿಂದ ದೋಷ ಮೊದಲೇ ಕಣ್ಣಿಗೆ ಬಿತ್ತು, 3.23ರಲ್ಲಿ ಸರಿಯಾಯಿತು. ಇದೇ ಲೆಕ್ಕವನ್ನು ಪ್ರತಿ ಅಪ್ಲಿಕೇಶನ್ನೂ ತಾನೇ ಬರೆದುಕೊಂಡಿದ್ದರೆ ಅದೆಷ್ಟು ಕಡೆ ಹುಡುಕಿ ತಿದ್ದಬೇಕಿತ್ತು!

ಕೊನೆಯದು ಖಾಸಗಿತನ. ನಾನೆಲ್ಲಿದ್ದೇನೆಂದು ಎಲ್ಲರಿಗೂ ಹಂಚುವವನನ್ನು ಹೇಗೆ ನಂಬುವುದು? ಇದು ನ್ಯಾಯವಾದ ಆತಂಕ. ಜಿಪಿಎಸ್‌ಡಿಯಂತೂ ತಾನಾಗಿ ಹೊರಗಿನ ಕಂಪ್ಯೂಟರುಗಳಿಗೆ ಉತ್ತರಿಸುವುದಿಲ್ಲ, ಆದರೆ ಒಳಗಿನವರಲ್ಲಿ ಭೇದ ಮಾಡುವುದಿಲ್ಲ. ಅದು ನಿಜವಾದ ಕೊರತೆಯೇ. ಮೊಬೈಲ್ ಆ ಕೊರತೆಯನ್ನು ತುಂಬಿದ್ದು ಮಧ್ಯವರ್ತಿಯನ್ನು ತೆಗೆದುಹಾಕಿ ಅಲ್ಲ, ಅವನ ಅಧಿಕಾರ ಹೆಚ್ಚಿಸಿ. 2020ರ ಐಒಎಸ್ 14, 2021ರ ಆಂಡ್ರಾಯ್ಡ್ 12 ಬಂದ ಮೇಲೆ ಟ್ಯಾಕ್ಸಿ ಆ್ಯಪ್‌ಗೆ ಮನೆಬಾಗಿಲಿನಷ್ಟು ನಿಖರ ಜಾಗ, ಹವಾಮಾನದ ಆ್ಯಪ್‌ಗೆ ಬಡಾವಣೆಯ ಅಂದಾಜು ಮಾತ್ರ ಎಂದು ಬಳಕೆದಾರರೇ ನಿರ್ಧರಿಸಬಹುದು. ಆ್ಯಪ್‌ಗಳು ನೇರವಾಗಿ ಚಿಪ್ಪಿಗೇ ಕೈಹಾಕುವಂತಿದ್ದರೆ ಆ ಆಯ್ಕೆಯನ್ನು ಇಡಲು ಜಾಗವೇ ಇರುತ್ತಿರಲಿಲ್ಲ.