ಹಡಗಿನಲ್ಲಿ ಬಂದ ಕೆಂಪು ಜೋಳ

‘ಬರ ಬಿದ್ದಾಗ ರೇಷನ್‌ನ್ಯಾಗ ಅಮೆರಿಕದ ಕೆಂಪು ಜೋಳ ಕೊಡ್ತಿದ್ರು. ರೊಟ್ಟಿ ತಟ್ಟಿದ್ರ ಹರೀತಿತ್ತು’ ಎಂದು ಆಯಿ ಹೇಳಿದಾಗ ನಕ್ಕಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದರೆ ಬಿಳಿಜೋಳದ ಸೀಮೆ. ನಮಗೆ ಪರದೇಶದ ಜೋಳವೇ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಉತ್ತರ ಸಿಕ್ಕಿತು. 1954ರ ಪಿಎಲ್-480 ಕಾಯ್ದೆಯಡಿ ಅಮೆರಿಕ ತನ್ನಲ್ಲಿ ಮಿಕ್ಕ ಧಾನ್ಯವನ್ನು ನಮಗೆ ರೂಪಾಯಿಗೇ ಮಾರಿತು. ಅದು ಬರೀ ದಯೆಯಲ್ಲ, ರಾಜತಂತ್ರ. 1965–66ರ ಬರದಲ್ಲಿ ಅಧ್ಯಕ್ಷ ಜಾನ್ಸನ್ ಧಾನ್ಯವನ್ನು ಒಮ್ಮೆಗೇ ಕೊಡದೆ ಸ್ವಲ್ಪ ಸ್ವಲ್ಪವೇ ಬಿಟ್ಟರು. ಕೃಷಿ ನೀತಿ ಬದಲಿಸಬೇಕು, ವಿಯೆಟ್ನಾಂ ಯುದ್ಧವನ್ನು ಟೀಕಿಸಬಾರದು ಎಂಬ ಒತ್ತಡ ಅದರ ಹಿಂದಿತ್ತು. ಆ ಅವಮಾನವೂ ಹಸಿರು ಕ್ರಾಂತಿಗೆ ಒಂದು ಕಾರಣವಾಯಿತು.

ಇಂದು ಭಾರತವೇ ಆಫ್ರಿಕಾದ ದೇಶಗಳಿಗೆ ಸಾಲ, ತರಬೇತಿ ಕೊಡುತ್ತಿದೆ. ಗೆಳೆಯರೇ, ನಾಳೆ ನಮ್ಮಲ್ಲಿ ಯಾರಾದರೂ ವಿದೇಶಾಂಗ ಸೇವೆಗೆ ಸೇರಿದರೆ, ಈಸಿಕೊಳ್ಳುವ ಕೈಗೂ ಮಾನವಿದೆ ಎಂಬುದು ನೆನಪಿರಲಿ.