ಮನೆ ಮಾರುವಾಗ ಮುಚ್ಚಿಡಬಾರದ ಮಾತು

ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನಿಮ್ಮ ಮನೆಯ ಹಿರಿಯರು ಏನು ಮಾಡುತ್ತಾರೆ, ಗಮನಿಸಿದ್ದೀರಾ? ಒಂದೊಂದನ್ನೂ ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ತೂತಿಲ್ಲದ್ದನ್ನು ಆರಿಸಿ ಚೀಲಕ್ಕೆ ಹಾಕುತ್ತಾರೆ. ಮಾರುವಾಕೆಯೇ 'ಇದರಲ್ಲಿ ಹುಳುಕಿದೆ' ಎಂದು ಹೇಳಲಿ ಎಂದು ಯಾರೂ ಕಾಯುವುದಿಲ್ಲ. ನೋಡಿ ಕೊಳ್ಳುವುದು ಕೊಳ್ಳುವವರ ಕೆಲಸ. 'ಕೊಳ್ಳುವವನೇ, ಎಚ್ಚರ' ಎಂಬ ಈ ತತ್ತ್ವಕ್ಕೆ ವಕೀಲರು 'ಕೇವಿಯಟ್ ಎಂಪ್ಟರ್' ಎಂಬ ಲ್ಯಾಟಿನ್ ಹೆಸರನ್ನೇ ಬಳಸುತ್ತಾರೆ.

ಆದರೆ ಮನೆಯನ್ನು ಹೀಗೆ ಕೈಯಲ್ಲಿ ತಿರುಗಿಸಿ ನೋಡಲು ಸಾಧ್ಯವೇ? ತಳಪಾಯ ಮಣ್ಣಿನೊಳಗೆ ಹೂತಿರುತ್ತದೆ. ನೀರಿನ ಕೊಳವೆಗಳು ಗೋಡೆಯೊಳಗೆ ಅಡಗಿರುತ್ತವೆ. ಮಳೆಗಾಲದಲ್ಲಿ ಮಾತ್ರ ಸೋರುವ ತಾರಸಿ ಫೆಬ್ರವರಿಯ ಬಿಸಿಲಿನಲ್ಲಿ ಒಣಗಿ ಚೊಕ್ಕಟವಾಗಿ ಕಾಣುತ್ತದೆ. ಬಹುತೇಕ ಕುಟುಂಬಗಳು ಜೀವಮಾನದಲ್ಲಿ ಒಮ್ಮೆ, ಅದೂ ಸಾಲ ಮಾಡಿ, ಮನೆ ಕೊಳ್ಳುತ್ತವೆ. ಹಾಗಾದರೆ ಮನೆಯ ಒಳಗುಟ್ಟನ್ನು ಹೇಳಬೇಕಾದವರು ಯಾರು? ನಮ್ಮ ಮಾತುಕತೆ ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಈ ಪ್ರಶ್ನೆಗೆ ಪೂರ್ತಿ ಉತ್ತರ ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬಿಡಿಸಿ ನೋಡೋಣ.

ನಮ್ಮ ಮನೆಯ ಬಾವಿ

ಮೊದಲು ನನ್ನದೇ ಒಂದು ಅನುಭವ. ತಂದೆಯವರು ತೀರಿಕೊಂಡ ಮೇಲೆ, 2019ರಲ್ಲಿ, ಮೈಸೂರಿನ ನಮ್ಮ ಹಳೆಯ ಮನೆಯನ್ನು ಮಾರಲು ಅಣ್ಣ ಮತ್ತು ನಾನು ತೀರ್ಮಾನಿಸಿದೆವು. ಆ ಮನೆಯ ಹಿತ್ತಲಲ್ಲಿ ಒಂದು ಬಾವಿಯಿತ್ತು. ನಲ್ಲಿ ನೀರು ಬಂದ ಮೇಲೆ ಅದರ ಬಳಕೆ ನಿಂತಿತು. ನಾನು ಹೈಸ್ಕೂಲಿನಲ್ಲಿದ್ದಾಗ ಅದಕ್ಕೆ ಮಣ್ಣು, ಇಟ್ಟಿಗೆ ಚೂರು ತುಂಬಿಸಿ ಮುಚ್ಚಿದರು. ಕೆಲವು ವರ್ಷಗಳ ನಂತರ ಅದೇ ಜಾಗದ ಮೇಲೆ ಒಂದು ಕೋಣೆ ಎದ್ದಿತು. ಆ ಕೋಣೆಯ ನೆಲ ಜೋರು ಮಳೆ ಬಂದ ವರ್ಷಗಳಲ್ಲಿ ಒಂದು ಮೂಲೆಯಲ್ಲಿ ಕುಸಿಯುತ್ತಿತ್ತು. ತಂದೆಯವರು ಎರಡು ಬಾರಿ ನೆಲ ಕೀಳಿಸಿ ಹೊಸದಾಗಿ ಹಾಕಿಸಿದ್ದರು. ಮಾರುವ ಮುನ್ನ ಅಣ್ಣ ಮೂರನೆಯ ಬಾರಿ ಟೈಲ್ಸ್ ಹಾಕಿಸಿ, ಗೋಡೆಗೆ ಬಣ್ಣ ಹೊಡೆಸಿದ. ಕೋಣೆ ಹೊಸದರಂತೆ ಹೊಳೆಯಿತು.

ನೋಡಲು ಬಂದವರು ಶಾಲಾ ಶಿಕ್ಷಕ ದಂಪತಿ. ಮನೆ ಅವರಿಗೆ ಹಿಡಿಸಿತು. ಹೊರಡುವಾಗ ಆಕೆ, "ಹಿಂದಿನ ಕೋಣೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸೋಣ ಅಂತಿದ್ದೀವಿ, ಮಗಳ ಓದಿಗೆ ಆಗುತ್ತೆ" ಎಂದರು. ನಾನು ಬ್ರೋಕರ್ ಮುಖ ನೋಡಿದೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಅವರು ಕೇಳಲಿಲ್ಲ ಸಾರ್, ನೀವ್ಯಾಕೆ ಹೇಳೋಕೆ ಹೋಗ್ತೀರಿ?" ಎಂದರು. ಅಣ್ಣನ ಅಭಿಪ್ರಾಯವೂ ಅದೇ ಆಗಿತ್ತು.

'ಕೇಳಲಿಲ್ಲ, ಆದ್ದರಿಂದ ಹೇಳಬೇಕಾಗಿಲ್ಲ' ಎಂಬ ಈ ವಾದ ಕಾನೂನಿನ ಮುಂದೆ ನಿಲ್ಲುತ್ತದೆಯೇ?

1882ರ ಕಾಯ್ದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಮನೆ, ನಿವೇಶನಗಳ ಮಾರಾಟವನ್ನು ನಿಯಂತ್ರಿಸುವ ಮೂಲ ಕಾನೂನು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 55ನೇ ಕಲಂ ಮಾರುವವರ ಮತ್ತು ಕೊಳ್ಳುವವರ ಹಕ್ಕು, ಹೊಣೆಗಳನ್ನು ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಮೊಟ್ಟಮೊದಲ ಹೊಣೆಯೇ ದೋಷ ತಿಳಿಸುವ ಹೊಣೆ. ಆಸ್ತಿಯಲ್ಲಾಗಲಿ, ಅದರ ಮೇಲೆ ತನಗಿರುವ ಹಕ್ಕಿನಲ್ಲಾಗಲಿ ಮುಖ್ಯವಾದ ದೋಷವಿದ್ದರೆ ಮಾರುವವರು ತಾವಾಗಿಯೇ ಹೇಳಬೇಕು. ಇದಕ್ಕೆ ಮೂರು ಷರತ್ತುಗಳಿವೆ:

1. ಆ ದೋಷ ಮಾರುವವರಿಗೆ ಗೊತ್ತಿರಬೇಕು.
2. ಕೊಳ್ಳುವವರಿಗೆ ಗೊತ್ತಿರಬಾರದು.
3. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಅದು ಕಾಣುವಂತಿರಬಾರದು.

ಮೂರೂ ಕೂಡಿದಾಗ ಹೇಳುವುದು ಕಡ್ಡಾಯ. ಕೊಳ್ಳುವವರು ಕೇಳಿದರೇ ಇಲ್ಲವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೀಗೆ ಹೇಳದೆ ಬಿಡುವುದು ವಂಚನೆ ಎಂದೇ ಅದೇ ಕಲಂ ಕೊನೆಯಲ್ಲಿ ಸ್ಪಷ್ಟಪಡಿಸುತ್ತದೆ. ಹಾಗೆಯೇ, ಕೊಳ್ಳುವವರು ಕೇಳಿದ ಸಂಬಂಧಪಟ್ಟ ಪ್ರಶ್ನೆಗಳಿಗೆಲ್ಲ ಮಾರುವವರು ತಮಗೆ ತಿಳಿದ ಮಟ್ಟಿಗೆ ಉತ್ತರಿಸಬೇಕು. ಕೇಳಿದರೆ ಹಕ್ಕುಪತ್ರಗಳನ್ನು ಪರಿಶೀಲನೆಗೆ ತೋರಿಸಬೇಕು.

ಕೆಲವು ಉದಾಹರಣೆಗಳನ್ನು ಈ ಮೂರು ಷರತ್ತುಗಳ ಜರಡಿಯಲ್ಲಿ ಹಾಕಿ ನೋಡೋಣ. ಕಾಂಪೌಂಡು ಗೋಡೆ ವಾಲಿದೆ, ಬೀದಿಯಿಂದಲೇ ಕಾಣುತ್ತದೆ. ಇದನ್ನು ಹೇಳುವ ಹೊಣೆ ಮಾರುವವರಿಗಿಲ್ಲ. ಮಳೆಗಾಲದಲ್ಲಿ ತಾರಸಿ ಧಾರಾಕಾರ ಸೋರುತ್ತದೆ, ತೋರಿಸುತ್ತಿರುವುದು ಬೇಸಿಗೆಯಲ್ಲಿ. ಹೇಳಬೇಕು. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟುಕೊಡಬೇಕೆಂಬ ನೋಟಿಸು ಮನೆಗೆ ಬಂದು ಬೀರುವಿನಲ್ಲಿ ಕೂತಿದೆ. ಹೇಳಲೇಬೇಕು. ತೊಲೆಯ ಒಳಗೆ ಗೆದ್ದಲು ಹಿಡಿದಿದೆ, ಆದರೆ ಮಾರುವವರಿಗೇ ಅದು ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳಲಿಲ್ಲವೆಂದು ಈ ಕಲಂ ಅವರನ್ನು ದೂರುವುದಿಲ್ಲ.

'ಮುಖ್ಯ ದೋಷ' ಎಂದರೆ ಯಾವುದು? ಬಾಗಿಲ ಚಿಲಕ ಸಡಿಲವಾಗಿದ್ದರೆ ಅದೂ ದೋಷವೇ, ಆದರೆ ಮುಖ್ಯವಲ್ಲ. ಇದನ್ನು ಅಳೆಯಲು ನಮ್ಮ ನ್ಯಾಯವಾದಿಗಳು 1834ರ ಒಂದು ಇಂಗ್ಲಿಷ್ ಮೊಕದ್ದಮೆಯನ್ನು ನೆನೆಯುತ್ತಾರೆ. ಅದರ ಹೆಸರು ಫ್ಲೈಟ್ ವಿರುದ್ಧ ಬೂತ್. ಲಂಡನ್ನಿನ ಕೋವೆಂಟ್ ಗಾರ್ಡನ್ ಎಂಬಲ್ಲಿ ಒಂದು ಗುತ್ತಿಗೆಯ ಕಟ್ಟಡ ಮಾರಾಟಕ್ಕಿತ್ತು. ಅಲ್ಲಿ ಕೆಲವೇ ಬಗೆಯ ವ್ಯಾಪಾರಗಳಿಗೆ ನಿಷೇಧವಿದೆ ಎಂದು ಮಾರಾಟದ ವಿವರದಲ್ಲಿ ಬರೆದಿದ್ದರು. ಮೂಲ ಗುತ್ತಿಗೆ ಪತ್ರ ತೆರೆದು ನೋಡಿದರೆ ಹಣ್ಣಿನ ವ್ಯಾಪಾರವೂ ಸೇರಿ ಹಲವು ಸಾಮಾನ್ಯ ಕಸುಬುಗಳಿಗೂ ಅಲ್ಲಿ ನಿಷೇಧವಿತ್ತು. ಕೋವೆಂಟ್ ಗಾರ್ಡನ್ನೋ, ಹಣ್ಣು ತರಕಾರಿ ಮಾರುಕಟ್ಟೆಗೆ ಹೆಸರಾದ ಸ್ಥಳ! ನ್ಯಾಯಾಲಯ ಕೊಂಡವನ ಪರವಾಗಿ ತೀರ್ಪು ಕೊಟ್ಟಿತು. ಅದರಿಂದ ಬಂದ ಅಳತೆಗೋಲು ಸರಳ: ಈ ಸಂಗತಿ ಮೊದಲೇ ತಿಳಿದಿದ್ದರೆ ಕೊಳ್ಳುವವನು ಈ ವ್ಯವಹಾರಕ್ಕೆ ಕೈಹಾಕುತ್ತಿದ್ದನೇ? ಬಹುಶಃ ಇಲ್ಲ ಎಂದಾದರೆ ಅದು ಮುಖ್ಯ ದೋಷ.

ಕುದುರೆಯ ಕಥೆ

ಕರಾರಿನಲ್ಲಿ ಮೌನದ ಬೆಲೆ ಏನು ಎಂಬುದನ್ನು 1872ರ ಭಾರತೀಯ ಕರಾರು ಕಾಯ್ದೆ ಒಂದು ಕುದುರೆಯ ಉದಾಹರಣೆಯಿಂದ ವಿವರಿಸುತ್ತದೆ. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಕುದುರೆಗೆ ಕುಂದಿರುವುದು ಅವನಿಗೆ ಗೊತ್ತು. ಆದರೆ ಏನೂ ಹೇಳುವುದಿಲ್ಲ. ಇದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ವಯಸ್ಕಳಾದ ಅವನ ಮಗಳೇ ಆಗಿದ್ದರೆ? ಆಗ ಆ ಸಂಬಂಧದ ಕಾರಣಕ್ಕೇ ಅವನು ಹೇಳಬೇಕು. ಇನ್ನೊಬ್ಬ ಗಿರಾಕಿ 'ನೀನು ಇಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ' ಎಂದಾಗಲೂ ಅವನು ಸುಮ್ಮನಿದ್ದರೆ? ಆಗ ಅವನ ಮೌನವೇ ಮಾತಿಗೆ ಸಮ.

ಅಂದರೆ ಬರೀ ಮೌನ ವಂಚನೆಯಲ್ಲ. ಮಾತಾಡಬೇಕಾದ ಹೊಣೆ ಇದ್ದಾಗಿನ ಮೌನ ವಂಚನೆ. ಕುದುರೆ ಮಾರುವವನಿಗೆ ಸಾಮಾನ್ಯವಾಗಿ ಇಲ್ಲದ ಆ ಹೊಣೆಯನ್ನು ಮನೆ ಮಾರುವವರ ಮೇಲೆ 55ನೇ ಕಲಂ ಹೊರಿಸಿದೆ.

ಮೌನಕ್ಕಿಂತ ಒಂದು ಹೆಜ್ಜೆ ಮುಂದಿನದು, ಗೊತ್ತಿದ್ದೂ ಬೇಕೆಂದೇ ಮರೆಮಾಚುವುದು. ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿಯುವುದು, ತೇವದ ಗೋಡೆಗೆ ಬೀರು ಅಡ್ಡ ಇಡುವುದು ಈ ಜಾತಿಗೆ ಸೇರಬಹುದು. ಕಣ್ಣಿಗೆ ಕಾಣುತ್ತಿದ್ದ ದೋಷವನ್ನು ಕಾಣದಂತೆ ಮಾಡಿದ ಮೇಲೆ 'ನೀವೇ ನೋಡಿಕೊಳ್ಳಬೇಕಿತ್ತು' ಎನ್ನುವುದು ಯಾವ ನ್ಯಾಯ?

ಬಣ್ಣದ ಹಿಂದಿನ ವಿಜ್ಞಾನ

ವಿಜ್ಞಾನ ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಿ. ಇಟ್ಟಿಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ನೀರು ಈ ರಂಧ್ರಗಳ ಮೂಲಕ ಗೋಡೆಯಲ್ಲಿ ಮೇಲೇರುತ್ತದೆ. ಪಾಠದಲ್ಲಿ ನೀವು ಓದಿದ ಲೋಮನಾಳ ಕ್ರಿಯೆ ಇದೇ. ಏರಿದ ನೀರು ಗಾಳಿಗೆ ಆರುತ್ತದೆ. ಅದರಲ್ಲಿ ಕರಗಿದ್ದ ಲವಣಗಳು ಆರಲಾರದೆ ಬಿಳಿ ಪುಡಿಯಾಗಿ ಗೋಡೆಯ ಮೇಲೆ ಉಳಿಯುತ್ತವೆ. ಮೇಲಿಂದ ಬಣ್ಣ ಹೊಡೆದರೆ ಪುಡಿ ಮರೆಯಾಗುತ್ತದೆ, ನೀರು ಏರುವುದು ನಿಲ್ಲುವುದಿಲ್ಲ. ಸ್ವಲ್ಪ ಕಾಲದಲ್ಲಿ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಅಷ್ಟರಲ್ಲಿ ಮನೆ ಕೈ ಬದಲಾಗಿರುತ್ತದೆ!

ನಮ್ಮ ಬಾವಿಯ ಕಥೆಯೂ ಇಂಥದ್ದೇ. ಬಹುಕಾಲದಿಂದ ಒತ್ತಿಕೊಂಡು ಕುಳಿತ ಮೂಲ ಮಣ್ಣು ಗಟ್ಟಿಯಾಗಿರುತ್ತದೆ. ಆಮೇಲೆ ತುಂಬಿದ ಮಣ್ಣಿನ ಕಣಗಳ ನಡುವೆ ಖಾಲಿ ಜಾಗ ಹೆಚ್ಚು. ಮಳೆ ನೀರು ಇಳಿದಂತೆಲ್ಲ ಕಣಗಳು ಸರಿದು ಆ ಜಾಗ ತುಂಬಿಕೊಳ್ಳುತ್ತವೆ, ಮೇಲ್ಮೈ ಕುಸಿಯುತ್ತದೆ. ಕೋಣೆಯ ಒಂದು ಭಾಗ ಗಟ್ಟಿ ನೆಲದ ಮೇಲೆ, ಇನ್ನೊಂದು ಭಾಗ ತುಂಬಿದ ಮಣ್ಣಿನ ಮೇಲೆ ನಿಂತಿದ್ದರೆ ಎರಡೂ ಒಂದೇ ಸಮನೆ ಇಳಿಯುವುದಿಲ್ಲ. ಆಗ ಗೋಡೆಯಲ್ಲಿ ಓರೆಯಾದ ಬಿರುಕು ಮೂಡುತ್ತದೆ. ಅಂಥ ಕೋಣೆಯ ಮೇಲೆ ಇನ್ನೊಂದು ಅಂತಸ್ತಿನ ಭಾರ ಹೇರಿದರೆ ಏನಾಗಬಹುದು, ಯೋಚಿಸಿ. ಶಿಕ್ಷಕ ದಂಪತಿ ಮಗಳನ್ನು ಓದಲು ಕೂರಿಸಬೇಕೆಂದಿದ್ದದ್ದು ಅಲ್ಲಿಯೇ.

ಕೊಳ್ಳುವವರ ಪಾಲಿನ ಕೆಲಸ

ಮಾರುವವರಿಗೆ ಹೊಣೆಯಿದೆ ಎಂದು ಕೊಳ್ಳುವವರು ಕಣ್ಣುಮುಚ್ಚಿ ಕೂರುವಂತಿಲ್ಲ. 'ಸಾಮಾನ್ಯ ಎಚ್ಚರಿಕೆ' ಅವರ ಪಾಲಿನ ಕೆಲಸ. ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ, ಅಂದರೆ ಜನರ ಬಾಯಲ್ಲಿ 'ಇ.ಸಿ.', ಆಸ್ತಿಯ ಮೇಲೆ ನೋಂದಣಿಯಾದ ಅಡಮಾನ, ಮಾರಾಟಗಳನ್ನು ತಿಳಿಸುತ್ತದೆ. ನೋಂದಣಿಯಾದ ಪತ್ರ ಕೊಳ್ಳುವವರಿಗೆ ತಿಳಿದೇ ಇದೆ ಎಂದು ಸಾಮಾನ್ಯವಾಗಿ ಕಾನೂನು ಭಾವಿಸುವುದರಿಂದ ಅದನ್ನು ನೋಡದಿರುವುದು ಅವರದೇ ತಪ್ಪಾಗುತ್ತದೆ. ಖಾತೆ, ಕಂದಾಯ ರಶೀದಿ, ನಕ್ಷೆಗಳನ್ನು ನೋಡಬೇಕು. ಆದರೆ ಯಾವ ಇ.ಸಿ.ಯೂ ಗೋಡೆಯ ತೇವವನ್ನು ಹೇಳುವುದಿಲ್ಲ. ಅದಕ್ಕೆ ಒಬ್ಬ ಎಂಜಿನಿಯರನ್ನೋ ಅನುಭವಿ ಮೇಸ್ತ್ರಿಯನ್ನೋ ಕರೆದೊಯ್ಯಬೇಕು. ಸಾಧ್ಯವಾದರೆ ಮಳೆ ಬಂದ ಮರುದಿನ ಹೋಗಬೇಕು. ಪ್ರಶ್ನೆಗಳನ್ನು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲಿ ಪಡೆಯಬೇಕು.

ಕುತೂಹಲದ ಸಂಗತಿಯೆಂದರೆ, ಕೊಳ್ಳುವವರಿಗೂ ಹೇಳುವ ಹೊಣೆ ಇದೆ. ಮಾರುವವರ ಹಕ್ಕಿನ ಸ್ವರೂಪ ಅಥವಾ ವ್ಯಾಪ್ತಿಗೆ ಸಂಬಂಧಿಸಿ ಅವರಿಗೇ ತಿಳಿಯದ, ಆದರೆ ಬೆಲೆಯನ್ನು ಗಣನೀಯವಾಗಿ ಏರಿಸುವ ಸಂಗತಿ ಕೊಳ್ಳುವವರಿಗೆ ಗೊತ್ತಿದ್ದರೆ ಅವರೂ ಅದನ್ನು ಮುಚ್ಚಿಡಬಾರದು.

55ನೇ ಕಲಮಿನ ಈ ನಿಯಮಗಳು ಅನ್ವಯಿಸುವುದು ಬೇರೆ ಕರಾರು ಇಲ್ಲದಿದ್ದಾಗ. ಆದ್ದರಿಂದ ಕರಾರು ಪತ್ರದಲ್ಲಿ 'ಇದ್ದ ಸ್ಥಿತಿಯಲ್ಲೇ' ಎಂಬಂಥ ಮಾತು ಕಂಡರೆ ಸಹಿ ಹಾಕುವ ಮೊದಲು ವಕೀಲರನ್ನು ಕೇಳುವುದು ಕ್ಷೇಮ.

ಹೊಸ ಮನೆಗೆ ಹೊಸ ಕಾಯ್ದೆ

ಇದುವರೆಗೆ ಹೇಳಿದ್ದು ಮುಖ್ಯವಾಗಿ ಒಬ್ಬರಿಂದ ಒಬ್ಬರಿಗೆ ಕೈಬದಲಾಗುವ ಮನೆಗಳ ಮಾತು. ಬಿಲ್ಡರುಗಳಿಂದ ಕೊಳ್ಳುವ ಹೊಸ ಮನೆ, ಫ್ಲಾಟುಗಳಿಗೆ 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ 'ರೇರಾ', ಇನ್ನೂ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಕರ್ನಾಟಕದಲ್ಲಿ ಇದರ ನಿಯಮಗಳು 2017ರಲ್ಲಿ ಬಂದವು. ಕಾಯ್ದೆಯ ವ್ಯಾಪ್ತಿಗೆ ಬರುವ ಯೋಜನೆಗಳನ್ನು ಪ್ರಾಧಿಕಾರದಲ್ಲಿ ನೋಂದಾಯಿಸಿ, ವಿವರಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ಮನೆ ವಶಕ್ಕೆ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ಅಥವಾ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ತಿಳಿಸಿದರೆ, ಬಿಲ್ಡರು 30 ದಿನಗಳೊಳಗೆ ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಇಲ್ಲವಾದರೆ ಪರಿಹಾರ ಕೊಡಬೇಕು. ಇಲ್ಲಿ ದೋಷ ಬಿಲ್ಡರಿಗೆ ಮೊದಲೇ ಗೊತ್ತಿತ್ತೇ ಎಂದು ಸಾಬೀತು ಮಾಡುವ ಅಗತ್ಯವಿಲ್ಲ. ಹಳೆಯ ಮನೆ ಮಾರುವ ಸಾಮಾನ್ಯ ಗೃಹಸ್ಥರಿಗೆ ಈ 5 ವರ್ಷದ ಹೊಣೆ ಅನ್ವಯಿಸುವುದಿಲ್ಲ. ಅವರಿಗೆ 1882ರ ಕಾಯ್ದೆಯೇ.

ಮುಚ್ಚಿಟ್ಟದ್ದು ಆಮೇಲೆ ಬಯಲಾದರೆ? ಕೊಂಡವರು ವ್ಯವಹಾರವನ್ನೇ ರದ್ದುಪಡಿಸಲು ಅಥವಾ ನಷ್ಟ ತುಂಬಿಸಿಕೊಳ್ಳಲು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಕ್ರಯಪತ್ರ ರದ್ದತಿಗೆ ಕಾಲಮಿತಿ, ಸಂಗತಿ ತಿಳಿದಂದಿನಿಂದ 3 ವರ್ಷ. ಆದರೆ 'ಮಾರುವವರಿಗೆ ಗೊತ್ತಿತ್ತು' ಎಂದು ಸಾಧಿಸುವ ಭಾರ ಕೊಂಡವರ ಮೇಲೆಯೇ ಬೀಳುತ್ತದೆ. ಅದು ಸುಲಭವಲ್ಲ. ಕಾನೂನು ಬಂದು ತಟ್ಟುವ ಮೊದಲೇ ಮಾರುವವರ ಬಾಯಿ ತೆರೆದರೆ ಎಲ್ಲರಿಗೂ ಒಳ್ಳೆಯದು.

ಆಮೇಲೇನಾಯಿತು?

ನಮ್ಮ ಮನೆಯ ವಿಷಯಕ್ಕೆ ಮರಳುತ್ತೇನೆ. ಬಾವಿ ನಮಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ, ಹೊಸ ಟೈಲ್ಸಿನ ಕೆಳಗಿದ್ದದ್ದು ಎಷ್ಟು ನೋಡಿದರೂ ಅವರಿಗೆ ಕಾಣುತ್ತಿರಲಿಲ್ಲ. ಮೂರು ಷರತ್ತುಗಳೂ ಕೂಡಿದ್ದವು. ಆದರೆ ಅಂದು ನನಗೆ ಕಲಂ ನೆನಪಾಗಲಿಲ್ಲ, ನೆನಪಾದದ್ದು ಮೇಲಂತಸ್ತಿನಲ್ಲಿ ಓದುತ್ತ ಕೂರಲಿದ್ದ ಆ ಹುಡುಗಿ. ಗೇಟಿನ ಬಳಿ ಅವರನ್ನು ನಿಲ್ಲಿಸಿ ಹೇಳಿದೆ. ಒಂದು ವಾರ ಅವರಿಂದ ಸುದ್ದಿಯಿಲ್ಲ. ಅಣ್ಣ ನನ್ನೊಡನೆ ಮಾತು ಬಿಟ್ಟ. ಎಂಟನೆಯ ದಿನ ಅವರು ಎಂಜಿನಿಯರೊಬ್ಬರನ್ನು ಕರೆತಂದರು. ಅಂತಸ್ತನ್ನು ಹಿಂದಿನ ಕೋಣೆಯ ಬದಲು ಮುಂಭಾಗದ ಮೇಲೆ ಕಟ್ಟಬಹುದೆಂದು ಅವರು ಸೂಚಿಸಿದರು. ಬೆಲೆ ಇಳಿಯಿತು, ಬಾವಿಯ ವಿಷಯ ಕ್ರಯಪತ್ರದಲ್ಲಿ ಒಂದು ಸಾಲಾಗಿ ಸೇರಿತು. ಇಳಿದ ಹಣದ ಮಾತನ್ನು ಅಣ್ಣ ಈಗಲೂ ಹಬ್ಬದ ಊಟದ ಹೊತ್ತಿಗೆ ಎತ್ತುತ್ತಾನೆ. ಆದರೆ ಮಳೆ ಜೋರಾಗಿ ಸುರಿದ ರಾತ್ರಿ ನನಗೆ ನಿದ್ದೆ ಬರುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮಗೊಂದು ಸಣ್ಣ ಕೆಲಸ. ನೀವಿರುವ ಮನೆಯನ್ನು ನಾಳೆ ಮಾರುವುದಾದರೆ ಕೊಳ್ಳುವವರಿಗೆ ಏನೇನು ಹೇಳಬೇಕಾಗುತ್ತದೆ? ಹಿರಿಯರನ್ನು ಕೇಳಿ ಒಂದು ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆಯೂ ಬರೆಯಿರಿ: ಇದು ನೋಡಿದರೆ ಕಾಣುವುದೇ, ಹೇಳಿದರಷ್ಟೇ ತಿಳಿಯುವುದೇ? ಕಾಣುವುದಕ್ಕೆ ಕೊಳ್ಳುವವರ ಕಣ್ಣು ಸಾಕು; ಕಾಣದ್ದಕ್ಕೆ ಮಾರುವವರ ಮಾತು ಬೇಕು. 1882ರಿಂದ ಕಾನೂನು ಹೇಳುತ್ತ ಬಂದಿರುವುದು ಇಷ್ಟೇ.